ಕುಂಡದ ಅಲಂಕಾರಿಕ ಗಿಡಗಳ ಎಲೆ ಆರೈಕೆ ಕಿಟ್: ಭೂತಗನ್ನಡಿಗೆ ಪೂರ್ಣ ಅಂಕ, ಕಬ್ಬಿಣದ ಪುಡಿಗೆ ಅರ್ಧ ಅಂಕ

ಕುಂಡದಲ್ಲಿ ಬೆಳೆಸಿದ ದಾಸವಾಳದ ಎಲೆ ಹಳದಿಗೆ ತಿರುಗಿದಾಗ, ಗುಲಾಬಿಯ ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದಾಗ, ಕೇಪಳದ ಚಿಗುರು ಬಿಳಿಚಿಕೊಂಡು ಬಂದಾಗ ಗಿಡ ಬೆಳೆಸುವವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಸಿಂಪಡಿಸಲು ಒಂದು ಔಷಧಿಯನ್ನು. ಅದು ರೋಗವೋ, ಕೀಟವೋ, ಪೋಷಕಾಂಶದ ಕೊರತೆಯೋ ಅಥವಾ ನೀರು ಹೆಚ್ಚಾದುದರ ಫಲವೋ ಎಂಬ ಪ್ರಶ್ನೆ ಆಮೇಲೆ ಏಳುತ್ತದೆ. ಎಷ್ಟೋ ಸಲ ಏಳುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಿ, ಮೊದಲು ಪರೀಕ್ಷೆ, ಆನಂತರ ಚಿಕಿತ್ಸೆ ಎಂದು ಹೇಳಿಕೊಂಡು ಮಾರಾಟವಾಗುವ ಎಲೆ ಆರೈಕೆ ಕಿಟ್ ಒಂದನ್ನು ಬಿಸಿಲು, ಮಳೆ, ಚಳಿ ಮೂರೂ ಕಾಲಗಳಲ್ಲಿ ಬಳಸಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದೇ ಬಗೆಯ ಪೆಟ್ಟಿಗೆಗಳು ಬೇರೆ ಬೇರೆ ಹೆಸರಿನಲ್ಲಿ ಹೆಚ್ಚುಕಡಿಮೆ ಇದೇ ಸಾಮಗ್ರಿಯೊಂದಿಗೆ ಸಿಗುವುದರಿಂದ, ತಯಾರಕರ ಹೆಸರಿಗಿಂತ ಒಳಗಿರುವ ಒಂದೊಂದು ವಸ್ತುವಿನ ಗುಣದೋಷವನ್ನು ತಿಳಿಸುವುದೇ ಓದುಗರಿಗೆ ಹೆಚ್ಚು ಉಪಯುಕ್ತ ಎಂದು ನನ್ನ ಭಾವನೆ.

ಪೆಟ್ಟಿಗೆಯಲ್ಲಿ ಒಂದು ಮಡಚುವ ಭೂತಗನ್ನಡಿ, ಸಚಿತ್ರ ಕೈಪಿಡಿ, ಮಣ್ಣಿಗೆ ಚುಚ್ಚಿ ರಸಸಾರ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ, pH) ಮತ್ತು ತೇವಾಂಶ ನೋಡುವ ಮೀಟರ್, ಹಳದಿ ಅಂಟು ಹಾಳೆಗಳು, ಪೊಟ್ಯಾಸಿಯಂ ಸಾಬೂನಿನ ದ್ರಾವಣ, ಬೇವಿನ ಎಣ್ಣೆ, ನೀರಿನಲ್ಲಿ ಕಲಸಿ ಬಳಸುವ ಗಂಧಕದ ಪುಡಿ, ಕಬ್ಬಿಣದ ಚಿಲೇಟ್ ಪುಡಿ ಮತ್ತು ಒಂದು ಕೈಪಂಪು ಇವೆ. ಒಟ್ಟಾರೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಿಟ್‌ನ ಬೆಲೆ ಇರುವುದು ಅದರ ಬಾಟಲಿಗಳಲ್ಲಿ ಅಲ್ಲ, ಭೂತಗನ್ನಡಿಯಲ್ಲಿ ಮತ್ತು ಕೈಪಿಡಿಯ ಮೊದಲ ಕೆಲವು ಪುಟಗಳಲ್ಲಿ. ಅವೆರಡನ್ನು ಸರಿಯಾಗಿ ಬಳಸಿದವರಿಗೆ ಬಾಟಲಿಗಳು ಬೇಕಾಗುವ ಸಂದರ್ಭಗಳು ನಿರೀಕ್ಷೆಗಿಂತ ಬಹಳ ಕಡಿಮೆ.

ಭೂತಗನ್ನಡಿ ಹತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಎಲೆಯ ಕೆಲಸಕ್ಕೆ ಇದಕ್ಕಿಂತ ಕಡಿಮೆ ಶಕ್ತಿಯದು ಸಾಲುವುದಿಲ್ಲ. ಇದಕ್ಕಿಂತ ಬಹಳ ಹೆಚ್ಚಿನ ಶಕ್ತಿಯದರಲ್ಲಿ ಕಾಣುವ ಜಾಗ ತೀರಾ ಕಿರಿದಾಗಿ, ಕೈ ಸ್ವಲ್ಪ ಅಲುಗಿದರೂ ನೋಟ ತಪ್ಪಿಹೋಗುತ್ತದೆ. ಹತ್ತು ಪಟ್ಟಿನ ಮಸೂರದ ನಾಭಿದೂರ ಸುಮಾರು 25 ಮಿಲಿಮೀಟರ್ ಆಗಿರುವುದರಿಂದ ಅದನ್ನು ಓದುವ ಕನ್ನಡಿಯ ಹಾಗೆ ಎಲೆಯ ಮೇಲೆ ದೂರದಲ್ಲಿ ಹಿಡಿದರೆ ಎಲ್ಲವೂ ಮಸುಕಾಗಿಯೇ ಕಾಣುತ್ತದೆ. ಮಸೂರವನ್ನು ಕಣ್ಣಿಗೆ ಬಹುತೇಕ ತಾಗಿಸಿಕೊಂಡು, ಎಲೆಯನ್ನೇ ನಿಧಾನವಾಗಿ ಅದರತ್ತ ತರಬೇಕು. ಕೈಪಿಡಿಯಲ್ಲಿ ಇದಕ್ಕೊಂದು ಸ್ಪಷ್ಟವಾದ ಚಿತ್ರ ಕೊಟ್ಟಿದ್ದಾರೆ, ಅದು ಮೆಚ್ಚತಕ್ಕ ವಿಷಯ. ಗಾಜು ನಿಜವಾದ ಗಾಜು. ಅಂಚಿನಲ್ಲಿ ಬಣ್ಣ ಒಡೆಯುವುದು ಸ್ವಲ್ಪ ಇದೆಯಾದರೂ ನಡುಭಾಗದ ಚಿತ್ರ ಸ್ವಚ್ಛವಾಗಿದೆ.

ಇದರ ಉಪಯೋಗ ಎಷ್ಟು ದೊಡ್ಡದೆಂಬುದು ದಾಸವಾಳದ ಒಂದು ಮಂಕಾದ ಎಲೆಯನ್ನು ತಿರುಗಿಸಿ ನೋಡಿದಾಗ ತಿಳಿಯುತ್ತದೆ. ಎಲೆಯ ಮೇಲ್ಭಾಗದಲ್ಲಿ ಬರಿಗಣ್ಣಿಗೆ ಕಾಣುವುದು ಸೂಜಿಮೊನೆಯಷ್ಟು ಸಣ್ಣ, ಒತ್ತೊತ್ತಾದ ಬಿಳಿಚು ಚುಕ್ಕೆಗಳು ಮಾತ್ರ. ಧೂಳು ಕೂತಿದೆ ಎಂದೋ, ಗೊಬ್ಬರ ಸಾಲದೆಂದೋ ಅನ್ನಿಸುವುದು ಸಹಜ. ಆದರೆ ಎಲೆಯ ತಳಭಾಗದಲ್ಲಿ, ಮಧ್ಯದ ದಪ್ಪ ನರಕ್ಕೆ ಒತ್ತಿಕೊಂಡಂತೆ, ಮಸೂರದಡಿ ಬೇರೆಯೇ ದೃಶ್ಯ ತೆರೆದುಕೊಳ್ಳುತ್ತದೆ: ಪಾರದರ್ಶಕವಾದ ಗುಂಡನೆಯ ಮೊಟ್ಟೆಗಳು, ಕಳಚಿಟ್ಟ ಬಿಳಿ ಪೊರೆಗಳು, ಅವುಗಳ ನಡುವೆ ತೆಳುವಾದ ಎಳೆಗಳನ್ನು ಹಿಡಿದು ನಡೆಯುವ, ಬೆನ್ನಿನ ಎರಡೂ ಬದಿಗೆ ಒಂದೊಂದು ಕಪ್ಪು ಮಚ್ಚೆಯಿರುವ, ಎಂಟು ಕಾಲಿನ ಜೀವಿಗಳು. ಇವು ಜೇಡ ನುಸಿಗಳು. ಬೆಳೆದ ಹೆಣ್ಣು ನುಸಿ ಅರ್ಧ ಮಿಲಿಮೀಟರ್ ಮೀರುವುದಿಲ್ಲ. ಇವು ಕೀಟಗಳಲ್ಲ, ಜೇಡಗಳ ಬಳಗಕ್ಕೆ ಸೇರಿದವು. ಹೀಗಾಗಿ ಸಾಮಾನ್ಯ ಕೀಟನಾಶಕಗಳಲ್ಲಿ ಹಲವು ಇವುಗಳ ಮೇಲೆ ಕೆಲಸ ಮಾಡುವುದಿಲ್ಲ. ಅಷ್ಟೇ ಅಲ್ಲ, ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನು ಸಿಂಪಡಿಸಿದರೆ ನುಸಿಯನ್ನು ತಿಂದು ಬದುಕುವ ಉಪಕಾರಿ ಪರಭಕ್ಷಕ ನುಸಿಗಳು ಸತ್ತು, ಗಿಡಕ್ಕೆ ಹಾನಿ ಮಾಡುವ ನುಸಿಗಳು ಮೊದಲಿಗಿಂತ ಹೆಚ್ಚಾಗುತ್ತವೆ. ನೋಡದೆ ಸಿಂಪಡಿಸುವುದರ ಅಪಾಯ ಇಷ್ಟು ನೇರವಾಗಿ ಕಾಣಿಸುವ ಉದಾಹರಣೆ ಬೇರೊಂದು ಸಿಗಲಾರದು.

ಅದೇ ರೀತಿ, ಬೆಳ್ಳಿ ಬಣ್ಣದ ಗೀರುಗಳ ನಡುವೆ ಹೊಳೆಯುವ ಕಪ್ಪು ಹಿಕ್ಕೆಯ ಚುಕ್ಕೆಗಳು ಕಂಡರೆ ಅದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟದ ಕೆಲಸ ಎಂದು ತಿಳಿಯಬಹುದು. ಥ್ರಿಪ್ಸ್ ಓಡಿಹೋಗಿದ್ದರೂ ಹಿಕ್ಕೆ ಉಳಿದಿರುತ್ತದೆ. ಕಮೆಲಿಯಾದಂಥ ದಪ್ಪ ಎಲೆಯ ಗಿಡಗಳಲ್ಲಿ ತಳಭಾಗದ ಕಂದು ಉಬ್ಬುಗಳು ಗೊಂದಲ ಹುಟ್ಟಿಸುತ್ತವೆ. ಅವು ಶಲ್ಕ ಕೀಟಗಳೂ ಆಗಿರಬಹುದು, ಬೇರು ಹೀರಿದಷ್ಟು ನೀರನ್ನು ಎಲೆ ಹೊರಹಾಕಲಾರದೆ ಜೀವಕೋಶಗಳು ಒಡೆದು ಬೆಂಡಾದ ಗುರುತುಗಳೂ ಆಗಿರಬಹುದು. ಉಗುರಿನಿಂದ ಮೆಲ್ಲಗೆ ಕೆರೆದಾಗ ಚಿಪ್ಪು ಬಿಟ್ಟುಕೊಂಡು ಬಂದು ಅಡಿಯಲ್ಲಿ ಹಸಿ ದೇಹವೋ ಮೊಟ್ಟೆಯೋ ಕಂಡರೆ ಅದು ಕೀಟ. ಉಬ್ಬು ಎಲೆಯ ಭಾಗವೇ ಆಗಿ ಕದಲದಿದ್ದರೆ ಅದು ನೀರಿನ ಸಮಸ್ಯೆ. ಮೊದಲನೆಯದಕ್ಕೆ ಎಣ್ಣೆ ಬೇಕು, ಎರಡನೆಯದಕ್ಕೆ ನೀರು ಕಡಿಮೆ ಮಾಡಿ ಗಾಳಿಯಾಡಲು ಬಿಟ್ಟರೆ ಸಾಕು.

ಕೈಪಿಡಿಯ ವಿಷಯಕ್ಕೆ ಬರುತ್ತೇನೆ. ಅದರ ಮೊದಲ ಪ್ರಶ್ನೆಯೇ ಅದರ ದೊಡ್ಡ ಶಕ್ತಿ: ತೊಂದರೆ ಕಂಡಿರುವುದು ಹಳೆಯ ಎಲೆಗಳಲ್ಲೋ, ಹೊಸ ಚಿಗುರಿನಲ್ಲೋ? ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಗಿಡದೊಳಗೆ ಸುಲಭವಾಗಿ ಸಾಗುವ ಪೋಷಕಾಂಶಗಳು. ಕೊರತೆ ಬಿದ್ದಾಗ ಗಿಡ ಹಳೆಯ ಎಲೆಗಳಿಂದ ಅವನ್ನು ಹಿಂತೆಗೆದುಕೊಂಡು ಚಿಗುರಿಗೆ ಕಳಿಸುತ್ತದೆ, ಆದ್ದರಿಂದ ಲಕ್ಷಣ ಮೊದಲು ಕೆಳಗಿನ ಎಲೆಗಳಲ್ಲಿ ಕಾಣಿಸುತ್ತದೆ. ಕಬ್ಬಿಣ ಮತ್ತು ಸುಣ್ಣದ ಅಂಶ ಹೀಗೆ ಸಾಗುವುದಿಲ್ಲ. ಅವುಗಳ ಕೊರತೆ ಹೊಸ ಎಲೆಯಲ್ಲೇ ಕಾಣುತ್ತದೆ. ಇಡೀ ಹಳೆಯ ಎಲೆ ಒಂದೇ ಸಮನೆ ಹಳದಿಯಾದರೆ ಸಾರಜನಕದ ಕಡೆ, ಅಂಚಿನಿಂದ ಒಳಕ್ಕೆ ನರಗಳ ನಡುವೆ ಹಳದಿಯಾಗುತ್ತ ಬಂದು ತೊಟ್ಟಿನ ಹತ್ತಿರ ಹಸಿರು ತ್ರಿಕೋನ ಉಳಿದರೆ ಮೆಗ್ನೀಸಿಯಂ ಕಡೆ, ಹಳೆಯ ಎಲೆಯ ಅಂಚು ಒಣಗಿ ಕಂದಾದರೆ ಪೊಟ್ಯಾಸಿಯಂ ಅಥವಾ ಉಪ್ಪಿನ ಕಡೆ ಗಮನ ಕೊಡಿ ಎಂದು ಕೈಪಿಡಿ ಚಿತ್ರಗಳ ಮೂಲಕ ಕರೆದುಕೊಂಡು ಹೋಗುತ್ತದೆ. ಚಿತ್ರಗಳು ಛಾಯಾಚಿತ್ರಗಳಲ್ಲ, ಕೈಯಲ್ಲಿ ಬಿಡಿಸಿದವು. ವ್ಯತ್ಯಾಸವಿರುವ ಜಾಗವನ್ನು ಮಾತ್ರ ಎತ್ತಿ ತೋರಿಸುವುದರಿಂದ ಛಾಯಾಚಿತ್ರಕ್ಕಿಂತ ಇವೇ ಹೆಚ್ಚು ಪ್ರಯೋಜನಕಾರಿ. ಗಿಡದ ಬುಡದ ಒಂದೆರಡು ಎಲೆಗಳು ಆಗಾಗ ಹಳದಿಯಾಗಿ ಉದುರುವುದು ಸಹಜವೆಂದೂ, ಗಾರ್ಡೇನಿಯಾದಂಥ ನಿತ್ಯಹಸಿರಿನ ಗಿಡಗಳು ಹೊಸ ಚಿಗುರು ಬರುವ ಕಾಲದಲ್ಲಿ ಹಳೆಯ ಎಲೆ ಚೆಲ್ಲುತ್ತವೆಂದೂ ಒಂದು ಚೌಕದಲ್ಲಿ ಬರೆದಿದ್ದಾರೆ. ಔಷಧಿ ಮಾರುವ ಪೆಟ್ಟಿಗೆಯಲ್ಲಿ ಔಷಧಿ ಬೇಡದ ಸಂದರ್ಭವನ್ನು ಹೇಳಿರುವುದು ಪ್ರಾಮಾಣಿಕತೆಯ ಲಕ್ಷಣ.

ಆದರೆ ಅದೇ ಕೈಪಿಡಿಯಲ್ಲಿ ಒಂದು ಗಂಭೀರ ಕೊರತೆ ಇದೆ, ಮತ್ತು ನನ್ನ ಮುಖ್ಯ ತಕರಾರು ಅದರ ಬಗ್ಗೆಯೇ. ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು ಎಂಬ ಚಿತ್ರದ ಪಕ್ಕದಲ್ಲಿ ಬಾಣದ ಗುರುತು ಹಾಕಿ ನೇರವಾಗಿ ಕಬ್ಬಿಣದ ಪುಡಿಯ ಪೊಟ್ಟಣವನ್ನು ತೋರಿಸಿದ್ದಾರೆ. ಈ ಲಕ್ಷಣ ಕಬ್ಬಿಣದ ಕೊರತೆಯದೇ ನಿಜ. ಆದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲದಿರುವುದು ಅಪರೂಪ. ಇರುವ ಕಬ್ಬಿಣವನ್ನು ಬೇರು ಹೀರಲಾಗದಿರುವುದೇ ಹೆಚ್ಚು. ಅದಕ್ಕೆ ಮಣ್ಣು ಕ್ಷಾರವಾಗಿರುವುದು ಒಂದು ಕಾರಣ. ಕೇಪಳ, ಗಾರ್ಡೇನಿಯಾ, ಅಜೇಲಿಯಾ, ಕಮೆಲಿಯಾ ಮುಂತಾದವು ರಸಸಾರ 5ರಿಂದ 6ರ ಆಸುಪಾಸಿನ ಹುಳಿಮಣ್ಣನ್ನು ಬಯಸುತ್ತವೆ, ಗಡಸು ನೀರನ್ನು ತಿಂಗಳುಗಟ್ಟಲೆ ಹಾಕಿದ ಕುಂಡದಲ್ಲಿ ಆ ಸಂಖ್ಯೆ ಮೆಲ್ಲಗೆ ಏರುತ್ತ ಹೋಗುತ್ತದೆ. ಎರಡನೆಯ ಕಾರಣ ಬೇರಿನ ಅನಾರೋಗ್ಯ. ಕುಂಡದ ಮಣ್ಣು ಸದಾ ಒದ್ದೆಯಾಗಿದ್ದು ಬೇರಿಗೆ ಗಾಳಿ ಸಿಗದೆ, ಫೈಟಾಫ್ತೋರಾ ಅಥವಾ ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣು ತಗುಲಿ ಬೇರು ಕೊಳೆಯಲು ಶುರುವಾದರೂ ಚಿಗುರಿನಲ್ಲಿ ಕಾಣುವುದು ಇದೇ ಹಳದಿ. ಈ ಸ್ಥಿತಿಯಲ್ಲಿ ಕಬ್ಬಿಣದ ದ್ರಾವಣ ಸುರಿದರೆ ಆಗುವುದು ಒದ್ದೆ ಮಣ್ಣಿಗೆ ಇನ್ನಷ್ಟು ನೀರು ಸೇರುವುದು, ಅಷ್ಟೇ.

ಗಿಡವನ್ನು ಕುಂಡದಿಂದ ಜಾರಿಸಿ ಬೇರು ನೋಡಿ ಎಂಬ ಒಂದು ವಾಕ್ಯ ಆ ಪುಟದಲ್ಲಿ ಇರಬೇಕಿತ್ತು. ಕುಂಡದಲ್ಲಿ ಬೆಳೆಸುವವರಿಗೆ ಇರುವ ದೊಡ್ಡ ಅನುಕೂಲವೇ ಅದು. ನೆಲದಲ್ಲಿ ನೆಟ್ಟ ಗಿಡಕ್ಕೆ ಹೀಗೆ ಮಾಡಲಾಗುವುದಿಲ್ಲ. ಬುಡವನ್ನು ಎರಡು ಬೆರಳ ನಡುವೆ ಹಿಡಿದು ಕುಂಡವನ್ನು ಓರೆ ಮಾಡಿ ಅಂಚನ್ನು ಮೆತ್ತಗೆ ತಟ್ಟಿದರೆ ಬೇರುಮುದ್ದೆ ಇಡಿಯಾಗಿ ಹೊರಬರುತ್ತದೆ. ಆರೋಗ್ಯವಂತ ಬೇರು ತುದಿಯಲ್ಲಿ ಬಿಳಿಯಾಗಿ, ಬಿಗಿಯಾಗಿ ಇರುತ್ತದೆ, ಮಣ್ಣು ಮಣ್ಣಿನ ವಾಸನೆಯನ್ನೇ ಬೀರುತ್ತದೆ. ಕೊಳೆತ ಬೇರು ಕಂದಾಗಿ ಮೆತ್ತಗಾಗಿರುತ್ತದೆ. ಅದನ್ನು ಹಿಡಿದು ಎಳೆದರೆ ಹೊರಸಿಪ್ಪೆ ಕೈಗೆ ಬಂದು ನಡುವಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡಿ ಜೋತುಬಿದ್ದಿದ್ದರೆ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು, ಏಕೆಂದರೆ ಬಾಡಿದ್ದನ್ನು ನೋಡಿ ನೀರು ಹಾಕುವ ಕೈಯೇ ಅಂಥ ಗಿಡವನ್ನು ಮುಗಿಸಿಬಿಡುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ, ನೀರು ಬಸಿಯುವ ಹೊಸ ಮಿಶ್ರಣದಲ್ಲಿ, ಉಳಿದ ಬೇರಿಗೆ ತಕ್ಕಷ್ಟು ಸಣ್ಣ ಕುಂಡದಲ್ಲಿ ಮತ್ತೆ ನೆಡುವುದೇ ಚಿಕಿತ್ಸೆ. ಕುಂಡದ ತಳಕ್ಕೆ ಜಲ್ಲಿ ತುಂಬುವುದರಿಂದ ನೀರು ಹೆಚ್ಚು ಬಸಿಯುವುದಿಲ್ಲ. ಮಣ್ಣು ಜಲ್ಲಿಯನ್ನು ಸೇರುವ ಜಾಗದಲ್ಲಿ ತೇವ ನಿಂತು, ಬೇರಿಗೆ ಉಳಿಯುವ ಒಣ ಜಾಗ ಇನ್ನಷ್ಟು ಕಡಿಮೆಯಾಗುತ್ತದೆ. ಕೈಪಿಡಿ ಜಲ್ಲಿ ಹಾಕಲು ಹೇಳುತ್ತದೆ; ಮುಂದಿನ ಮುದ್ರಣದಲ್ಲಿ ಆ ಸಾಲನ್ನು ತೆಗೆಯಬೇಕು.

ಕಬ್ಬಿಣದ ಪುಡಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಕಿಟ್ ಕೊಳ್ಳುವವರು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರವನ್ನು ಓದದೆ ಬಿಡುವುದೇ ಹೆಚ್ಚು. ಚಿಲೇಟ್ ಎಂದರೆ ಕಬ್ಬಿಣವು ಮಣ್ಣಿನಲ್ಲಿ ಕರಗದ ರೂಪಕ್ಕೆ ಇಳಿಯದಂತೆ ಅದನ್ನು ಹಿಡಿದಿಡುವ ಸಂಯುಕ್ತ. ಹಿಡಿತದ ಬಲ ಎಲ್ಲ ಚಿಲೇಟ್‌ಗಳಲ್ಲಿ ಒಂದೇ ಇರುವುದಿಲ್ಲ. ಇಡಿಟಿಎ ರೂಪದ್ದು ರಸಸಾರ ಸುಮಾರು 6.5 ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ, ಡಿಟಿಪಿಎ ರೂಪದ್ದು 7ರ ಸ್ವಲ್ಪ ಆಚೆಗೂ ನಿಲ್ಲುತ್ತದೆ, ಇಡಿಡಿಎಚ್ಎ ರೂಪದ್ದು 9ರವರೆಗೂ ಕೆಲಸ ಮಾಡುತ್ತದೆ ಮತ್ತು ನೀರಿಗೆ ಗಾಢ ಕೆಂಪು ಬಣ್ಣ ಕೊಡುತ್ತದೆ. ಈ ಕಿಟ್‌ನಲ್ಲಿರುವುದು ಇಡಿಟಿಎ. ಅಂದರೆ ಕ್ಷಾರ ಮಣ್ಣಿನಿಂದಾಗಿ ಕಬ್ಬಿಣ ಸಿಗದೆ ಸೊರಗಿದ ಗಿಡಕ್ಕೆ, ಕ್ಷಾರ ಮಣ್ಣಿನಲ್ಲಿ ನಿಲ್ಲದ ಚಿಲೇಟನ್ನೇ ಕೊಟ್ಟಂತಾಗಿದೆ. ಕುಂಡದ ಮಣ್ಣು ತಕ್ಕಮಟ್ಟಿಗೆ ಹುಳಿಯಾಗಿದ್ದವರಿಗೆ ಇದು ಸಾಕು. ಉಳಿದವರು ಇದನ್ನು ಮಣ್ಣಿಗೆ ಹಾಕುವ ಬದಲು ತೀರಾ ತೆಳುವಾಗಿ ಕರಗಿಸಿ ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕ ಹಸಿರು ಬರುತ್ತದೆ. ನನ್ನ ಕೇಪಳದಲ್ಲಿ ಸಿಂಪಡಿಸಿದ ಎಲೆಗಳು ಹಸಿರಾದವು, ಅನಂತರ ಬಂದ ಚಿಗುರು ಮತ್ತೆ ಹಳದಿಯಾಗಿಯೇ ಬಂತು. ಬೇರೆಡೆಯಿಂದ ತಂದ ಇಡಿಡಿಎಚ್ಎ ಪುಡಿಯನ್ನು ಮಣ್ಣಿಗೆ ಕೊಟ್ಟು, ಮಳೆನೀರು ಹಾಕಲು ತೊಡಗಿದ ಮೇಲಷ್ಟೇ ಚಿಗುರು ಮೊದಲಿನಿಂದಲೇ ಹಸಿರಾಗಿ ಹೊರಟಿತು. ಅರ್ಧ ಅಂಕ ಕೊಟ್ಟದ್ದು ಇದಕ್ಕಾಗಿ.

ರಸಸಾರದ ಮೀಟರ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಎರಡು ಲೋಹದ ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿ ಓದುವ ಈ ಬಗೆಯ ಸಾಧನ ಮಣ್ಣಿನ ತೇವ, ಉಪ್ಪು, ಕಡ್ಡಿಯನ್ನು ಒತ್ತಿದ ಬಿಗಿ ಇವೆಲ್ಲಕ್ಕೂ ಪ್ರತಿಕ್ರಿಯಿಸುತ್ತದೆ. ಒಂದೇ ಕುಂಡದ ಎರಡು ಮೂಲೆಗಳಲ್ಲಿ ಎರಡು ಸಂಖ್ಯೆ ತೋರಿಸುವ ಮೀಟರನ್ನು ನಂಬಿ ಮಣ್ಣಿಗೆ ಗಂಧಕವನ್ನೋ ಸುಣ್ಣವನ್ನೋ ಸೇರಿಸುವುದು ಸರಿಯಲ್ಲ. ಇದರ ಬದಲು ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿಗಳನ್ನು ಕೊಟ್ಟಿದ್ದರೆ ಚೆನ್ನಾಗಿತ್ತು: ಕುಂಡಕ್ಕೆ ಎಂದಿನಂತೆ ನೀರು ಹಾಕಿ, ಒಂದು ಗಂಟೆ ಬಿಟ್ಟು, ಮೇಲಿನಿಂದ ಸ್ವಲ್ಪ ಶುದ್ಧ ನೀರು ಸುರಿದು, ತಳದ ರಂಧ್ರದಿಂದ ಬಂದ ನೀರನ್ನು ಬಟ್ಟಲಲ್ಲಿ ಹಿಡಿದು ಪಟ್ಟಿ ಅದ್ದಿದರೆ ಬೇರಿನ ಸುತ್ತ ಇರುವ ಸ್ಥಿತಿ ಹೆಚ್ಚು ನಂಬಿಕೆಯಿಂದ ತಿಳಿಯುತ್ತದೆ. ತೇವಾಂಶ ನೋಡಲು ಬೆರಳೇ ಸಾಕು.

ಉಪ್ಪಿನ ವಿಷಯವನ್ನು ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿದೆ, ಆದರೆ ಕುಂಡದ ಗಿಡಗಳಲ್ಲಿ ಎಲೆಯ ತುದಿ ಮತ್ತು ಅಂಚು ಕಂದಾಗುವುದಕ್ಕೆ ಇದು ಬಹಳ ಸಾಮಾನ್ಯವಾದ ಕಾರಣ. ಗೊಬ್ಬರದಿಂದಲೂ ಗಡಸು ನೀರಿನಿಂದಲೂ ಬಂದ ಲವಣಗಳು ನೆಲದಲ್ಲಾದರೆ ಆಳಕ್ಕೆ ಇಳಿದುಹೋಗುತ್ತವೆ. ಕುಂಡದಲ್ಲಿ ಅವು ಅಲ್ಲೇ ಉಳಿದು, ಮಣ್ಣಿನ ಮೇಲೂ ಮಣ್ಣಿನ ಕುಂಡದ ಹೊರಮೈಯ ಮೇಲೂ ಬಿಳಿ ಪದರವಾಗಿ ಕಾಣಿಸಿಕೊಳ್ಳುತ್ತವೆ. ಮೇಲಿನ ಪದರವನ್ನು ಕೆರೆದು ತೆಗೆದು, ಕುಂಡದ ಗಾತ್ರದ ಎರಡು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ, ಬಸಿದ ನೀರು ತಟ್ಟೆಯಲ್ಲಿ ನಿಲ್ಲದಂತೆ ಚೆಲ್ಲಿದರೆ ಯಾವ ಬಾಟಲಿಯೂ ಇಲ್ಲದೆ ಮುಂದಿನ ಎಲೆಗಳು ಚೆನ್ನಾಗಿ ಬರುತ್ತವೆ. ಅಂಚು ಸುಟ್ಟ ಗಿಡಕ್ಕೆ ಶಕ್ತಿ ಬರಲೆಂದು ಇನ್ನಷ್ಟು ಗೊಬ್ಬರ ಹಾಕುವವರನ್ನು ಕಂಡಾಗಲೆಲ್ಲ ಈ ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕಿತ್ತು ಎನಿಸುತ್ತದೆ.

ಇನ್ನು ದ್ರಾವಣಗಳು. ಪೊಟ್ಯಾಸಿಯಂ ಸಾಬೂನು ನನಗೆ ಬಹಳ ಹಿಡಿಸಿತು. ಇದು ಪಾತ್ರೆ ತೊಳೆಯುವ ದ್ರವವಲ್ಲ. ಕೊಬ್ಬಿನಾಮ್ಲಗಳ ಪೊಟ್ಯಾಸಿಯಂ ಲವಣ. ಲೀಟರ್ ನೀರಿಗೆ 10ರಿಂದ 20 ಮಿಲಿಲೀಟರ್ ಬೆರೆಸಿ ಸಿಂಪಡಿಸಿದರೆ ಸಸ್ಯಹೇನು, ಬಿಳಿ ನೊಣದ ಮರಿ, ನುಸಿ, ಎಳೆಯ ಹಿಟ್ಟು ತಿಗಣೆ ಇವುಗಳ ಮೃದುವಾದ ಹೊರಪೊರೆಯನ್ನು ಕೆಡಿಸಿ ಸಾಯಿಸುತ್ತದೆ. ಒದ್ದೆ ಇರುವಷ್ಟು ಹೊತ್ತು ಮಾತ್ರ ಇದರ ಕೆಲಸ, ಒಣಗಿದ ಮೇಲೆ ಏನೂ ಉಳಿಯುವುದಿಲ್ಲ. ಆದ್ದರಿಂದ ಕೀಟಕ್ಕೆ ತಾಗಿದರೆ ಉಂಟು, ತಾಗದಿದ್ದರೆ ಇಲ್ಲ. ಎಲೆಯ ತಳಭಾಗ ತೊಯ್ಯುವವರೆಗೆ ಸಿಂಪಡಿಸಬೇಕು. ಮೊಟ್ಟೆಗಳು ಉಳಿದುಕೊಳ್ಳುವುದರಿಂದ, ಬಿಸಿ ವಾತಾವರಣದಲ್ಲಿ ನುಸಿ ಮೊಟ್ಟೆಯಿಂದ ಮೊಟ್ಟೆಯಿಡುವ ಹಂತಕ್ಕೆ ಸುಮಾರು ಒಂದು ವಾರದಲ್ಲಿ ಬೆಳೆಯುವುದರಿಂದ, ಐದರಿಂದ ಏಳು ದಿನಗಳ ಅಂತರದಲ್ಲಿ ಕನಿಷ್ಠ ಮೂರು ಸಲ ಸಿಂಪಡಿಸದಿದ್ದರೆ ಮಾಡಿದ ಕೆಲಸ ವ್ಯರ್ಥ. ಗಡಸು ನೀರಿನಲ್ಲಿ ಸಾಬೂನು ಒಡೆದು ಬಿಳಿ ತೆಟ್ಟೆಯಾಗಿ ಕೂರುತ್ತದೆ, ಪಂಪಿನ ಮೂತಿಯೂ ಕಟ್ಟಿಕೊಳ್ಳುತ್ತದೆ. ಮಳೆನೀರು ಅಥವಾ ಶುದ್ಧೀಕರಿಸಿದ ನೀರು ಬಳಸಬೇಕೆಂಬುದನ್ನು ಚೀಟಿಯಲ್ಲಿ ಹೇಳಿಲ್ಲ.

ಬೇವಿನ ಎಣ್ಣೆಯ ಬಾಟಲಿಯಲ್ಲಿ ಇರುವುದು ಹಿಂಡಿ ತೆಗೆದ ಇಡಿಯಾದ ಎಣ್ಣೆ. ಇದನ್ನು ಹೇಳಲು ಕಾರಣವಿದೆ: ಬೇವಿನ ಹೆಸರಿನಲ್ಲಿ ಬರುವ ಕೆಲವು ಉತ್ಪನ್ನಗಳಲ್ಲಿ ಅಜಾಡಿರಾಕ್ಟಿನ್ ಅಂಶವನ್ನು ಬೇರ್ಪಡಿಸಿ ತೆಗೆದ ಎಣ್ಣೆ ಮಾತ್ರ ಇರುತ್ತದೆ. ಎಣ್ಣೆಯ ಭಾಗ ಕೀಟದ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಅಜಾಡಿರಾಕ್ಟಿನ್ ಮರಿಗಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ, ಅವುಗಳ ಹಸಿವನ್ನೂ ಕುಗ್ಗಿಸುತ್ತದೆ. ಹೀಗಾಗಿ ಸಿಂಪಡಿಸಿದ ಮರುದಿನ ಕೀಟಗಳು ಇನ್ನೂ ಓಡಾಡುತ್ತಿರುವುದನ್ನು ಕಂಡು ಔಷಧಿ ಕೆಲಸ ಮಾಡಲಿಲ್ಲವೆಂದು ತೀರ್ಮಾನಿಸಬಾರದು. ಲೀಟರ್‌ಗೆ 5 ಮಿಲಿಲೀಟರ್ ಎಣ್ಣೆಯನ್ನು ಮೊದಲು ಸ್ವಲ್ಪ ಸಾಬೂನಿನೊಂದಿಗೆ ಚೆನ್ನಾಗಿ ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರು ಸೇರಿಸುತ್ತ ಹೋದರೆ ಹಾಲಿನ ಬಣ್ಣದ ಸಮ ದ್ರಾವಣವಾಗುತ್ತದೆ. ಎಣ್ಣೆ ಮೇಲೆ ತೇಲುತ್ತಿರುವ ದ್ರಾವಣವನ್ನು ಸಿಂಪಡಿಸಿದರೆ ಎಣ್ಣೆ ಬಿದ್ದಲ್ಲಿ ಎಲೆ ಸುಡುತ್ತದೆ, ಉಳಿದೆಡೆ ಬರೀ ನೀರು ಬೀಳುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಸೂರ್ಯನ ಬೆಳಕಿನಲ್ಲಿ ಅಜಾಡಿರಾಕ್ಟಿನ್ ಕೆಲವೇ ದಿನಗಳಲ್ಲಿ ಶಿಥಿಲವಾಗುವುದರಿಂದ ಸಂಜೆಯ ಹೊತ್ತೇ ಸಿಂಪಡಣೆಗೆ ಸೂಕ್ತ. ಶಲ್ಕ ಕೀಟಕ್ಕೆ ಮತ್ತು ಹಿಟ್ಟು ತಿಗಣೆಗೆ ಸಾಬೂನಿಗಿಂತ ಇದೇ ಮೇಲು, ಆದರೆ ದಪ್ಪ ಚಿಪ್ಪು ಕಟ್ಟಿಕೊಂಡ ತಾಯಿ ಕೀಟಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯುವುದಕ್ಕೆ ಸಮನಾದ ಔಷಧಿ ಯಾವುದೂ ಇಲ್ಲ. ಎಲೆಗಳ ಮೇಲೆ ಕಪ್ಪು ಬೂಷ್ಟು ಹಬ್ಬಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಬೇಡ: ಮೇಲಿನ ಕೊಂಬೆಯಲ್ಲಿ ರಸ ಹೀರುವ ಕೀಟ ಸುರಿಸಿದ ಸಿಹಿ ಅಂಟಿನ ಮೇಲೆ ಅದು ಬೆಳೆದಿರುತ್ತದೆ, ಕೀಟ ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇರುವೆಗಳ ಸಾಲು ಹತ್ತುತ್ತಿದ್ದರೆ ಅದನ್ನೂ ನಿಲ್ಲಿಸಬೇಕು. ಸಿಹಿ ಅಂಟಿನ ಆಸೆಗೆ ಇರುವೆಗಳು ಆ ಕೀಟಗಳನ್ನು ಶತ್ರುಗಳಿಂದ ಕಾಯುತ್ತವೆ.

ಗಂಧಕದ ಪುಡಿ, ಎಲೆಯ ಮೇಲೆ ಬಿಳಿ ಪುಡಿಯಂತೆ ಹಬ್ಬುವ ಬೂದಿ ರೋಗಕ್ಕೆ ಹಳೆಯ ಮತ್ತು ನಂಬಿಗಸ್ತ ಉಪಾಯ. ಲೀಟರ್‌ಗೆ 2 ಗ್ರಾಂ ಸಾಕು. ಬೂದಿ ರೋಗದ ಸ್ವಭಾವ ಬೇರೆ ಎಲೆ ರೋಗಗಳಿಗಿಂತ ಭಿನ್ನ. ಅದರ ಬೀಜಕಣ ಮೊಳೆಯಲು ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ, ಗಾಳಿಯಲ್ಲಿ ತೇವವಿದ್ದರೆ ಸಾಕು. ಗುಲಾಬಿಯ ಕಪ್ಪು ಚುಕ್ಕೆ ರೋಗಕ್ಕೋ ಎಲೆ ಸುಮಾರು 7 ಗಂಟೆಯಾದರೂ ಒದ್ದೆಯಾಗಿಯೇ ಇರಬೇಕು. ಹಾಗಾಗಿ ಎರಡನೆಯದನ್ನು ಬುಡಕ್ಕಷ್ಟೇ, ಅದೂ ಬೆಳಿಗ್ಗೆ, ನೀರು ಹಾಕುವುದರಿಂದಲೇ ಬಹುಪಾಲು ತಡೆಯಬಹುದು. ಉದುರಿದ ಚುಕ್ಕೆ ಎಲೆಗಳನ್ನು ಕುಂಡದ ಮಣ್ಣಿನ ಮೇಲೆ ಬಿಡದೆ ಆರಿಸಿ ತೆಗೆಯುವುದೂ ಅಷ್ಟೇ ಮುಖ್ಯ. ಗಂಧಕ ಎಲೆಯನ್ನು ಮುಂಚಿತವಾಗಿ ಕಾಯುತ್ತದೆಯೇ ಹೊರತು ಒಳಗೆ ಇಳಿದ ರೋಗವನ್ನು ಗುಣಪಡಿಸುವುದಿಲ್ಲ. ಇಲ್ಲಿ ತಯಾರಕರು ಕೊಡದೆ ಬಿಟ್ಟ ಎರಡು ಎಚ್ಚರಿಕೆಗಳಿವೆ, ಅವು ನಿಜವಾಗಿಯೂ ಗಂಭೀರ. ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಎಣ್ಣೆ ಸಿಂಪಡಿಸಿದ ಗಿಡಕ್ಕೆ ಕನಿಷ್ಠ ಎರಡು ವಾರ ಗಂಧಕ ಹಾಕಬಾರದು, ಗಂಧಕ ಹಾಕಿದ ಗಿಡಕ್ಕೆ ಎಣ್ಣೆಯನ್ನೂ ಹಾಗೆಯೇ. ಎಣ್ಣೆ ಮತ್ತು ಗಂಧಕವನ್ನು ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟು ಮಾರುವವರು ಈ ಮಾತನ್ನು ಮುಚ್ಚಳದ ಮೇಲೆಯೇ ಮುದ್ರಿಸಬೇಕು.

ಕಿಟ್‌ನಲ್ಲಿ ಮದ್ದಿಲ್ಲದ ರೋಗಗಳೂ ಇವೆ, ಮತ್ತು ಕೈಪಿಡಿ ಅವನ್ನು ಹೆಸರಿಸುವುದೇ ಇಲ್ಲ. ನರಗಳಿಗೆ ತಡೆದು ಕೋನಾಕಾರವಾಗಿ ನಿಂತ, ಬೆಳಕಿಗೆ ಹಿಡಿದರೆ ನೀರಿನಲ್ಲಿ ನೆನೆದಂತೆ ಕಾಣುವ, ಸುತ್ತ ಹಳದಿ ಬಳೆಯಿರುವ ಚುಕ್ಕೆಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾದವು. ಗಂಧಕದಿಂದ ಅವಕ್ಕೆ ಏನೂ ಆಗುವುದಿಲ್ಲ. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲ್ಲಾರ್ಡೆ ದ್ರಾಕ್ಷಿಗಾಗಿ ಪ್ರಕಟಿಸಿದ ಬೋರ್ಡೋ ದ್ರಾವಣದಿಂದ ಮೊದಲಾಗಿ ಇಂದಿಗೂ ಬಳಕೆಯಲ್ಲಿರುವ ತಾಮ್ರದ ಔಷಧಿಗಳು ಹರಡುವಿಕೆಯನ್ನು ಸ್ವಲ್ಪ ತಡೆಯಬಲ್ಲವು, ಆದರೆ ರೋಗ ತಗುಲಿದ ಎಲೆಗಳನ್ನು ಒಣ ದಿನದಲ್ಲಿ ಕಿತ್ತು ದೂರ ಹಾಕುವುದೇ ಮೊದಲ ಕೆಲಸ. ಎಲೆಯಲ್ಲಿ ಹಸಿರು ಹಳದಿ ಚಿತ್ತಾರ ಅಡ್ಡಾದಿಡ್ಡಿಯಾಗಿ ಮೂಡಿ, ಎಲೆ ಮುರುಟಿ, ಗೊಬ್ಬರಕ್ಕೂ ನೀರಿಗೂ ಜಗ್ಗದೆ ಹಾಗೆಯೇ ಮುಂದುವರಿದರೆ ವೈರಸ್ ಅನ್ನು ಶಂಕಿಸಬೇಕು. ಅದಕ್ಕೆ ಚಿಕಿತ್ಸೆ ಇಲ್ಲ. ಗಿಡವನ್ನು ಬೇರೆಯಾಗಿಟ್ಟು, ಕತ್ತರಿಯನ್ನು ಪ್ರತಿ ಗಿಡದ ನಂತರ ಶುಚಿಗೊಳಿಸಿ, ಕಡೆಗೆ ಗಿಡವನ್ನೇ ತೆಗೆಯಬೇಕಾಗುತ್ತದೆ. ಇಂಥ ಗಿಡಕ್ಕೆ ಒಂದಾದ ಮೇಲೊಂದು ಬಾಟಲಿ ಸುರಿಯುವ ಖರ್ಚನ್ನೂ ಸಂಕಟವನ್ನೂ ಅರ್ಧ ಪುಟದ ಮಾಹಿತಿ ತಪ್ಪಿಸುತ್ತಿತ್ತು.

ಹಳದಿ ಅಂಟು ಹಾಳೆಗಳು ಬಿಳಿ ನೊಣ ಬಂದಿದೆಯೇ ಎಂದು ತಿಳಿಯಲು ಒಳ್ಳೆಯವು, ಅವುಗಳನ್ನು ಮುಗಿಸಲು ಅಲ್ಲ. ಕೈಪಂಪಿನ ಮೂತಿ ಮೇಲಕ್ಕೆ ತಿರುಗದಿರುವುದು ಆಶ್ಚರ್ಯದ ಲೋಪ. ಎಲೆಯ ತಳಭಾಗಕ್ಕೆ ಸಿಂಪಡಿಸಿ ಎಂದು ಪುಟಪುಟದಲ್ಲೂ ಹೇಳುವ ಕಿಟ್‌ನಲ್ಲಿ ಕುಂಡವನ್ನು ಮೇಜಿನ ಮೇಲೆ ಎತ್ತಿಡದೆ ಹಾಗೆ ಸಿಂಪಡಿಸಲಾಗುವುದಿಲ್ಲ.

ಫಲಿತಾಂಶವನ್ನು ಅಳೆಯುವ ಬಗ್ಗೆ ಕೊಳ್ಳುವವರು ಒಂದನ್ನು ತಿಳಿದಿರಬೇಕು, ಏಕೆಂದರೆ ಇಂಥ ಕಿಟ್‌ಗಳ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ. ನುಸಿ ಹೀರಿದ ಚುಕ್ಕೆ, ಸುಟ್ಟ ಅಂಚು, ರೋಗದ ಕಲೆ ಇವು ಮತ್ತೆ ಹಸಿರಾಗುವುದಿಲ್ಲ. ಆ ಜೀವಕೋಶಗಳು ಸತ್ತಿವೆ. ಕೊರತೆಯಿಂದ ಬಿಳಿಚಿದ ಎಲೆ ಮಾತ್ರ ಬೇಗ ಗಮನಿಸಿದರೆ ಹಸಿರಿಗೆ ಮರಳಬಹುದು. ಚಿಕಿತ್ಸೆ ಶುರು ಮಾಡಿದ ದಿನ ಕೊಂಬೆಯ ತುದಿಗೆ ಸಡಿಲವಾಗಿ ಒಂದು ದಾರ ಕಟ್ಟಿ, ಅದಕ್ಕಿಂತ ಮೇಲೆ ಹೊಸದಾಗಿ ಬಂದ ಎಲೆಗಳನ್ನಷ್ಟೇ ನೋಡಿ ತೀರ್ಪು ಕೊಡುವುದು ನ್ಯಾಯ. ಹಾಗೆ ನೋಡಿದಾಗ ದಾಸವಾಳದ ಮೇಲೆ ಸಾಬೂನು, ಗುಲಾಬಿಯ ಬೂದಿ ರೋಗದ ಮೇಲೆ ಗಂಧಕ ಸ್ಪಷ್ಟವಾಗಿ ಗೆದ್ದಿವೆ. ಮೊದಲು ಎರಡು ಮೂರು ಎಲೆಗಳ ಮೇಲೆ ಸಿಂಪಡಿಸಿ, ಎರಡು ದಿನ ಕಾದು ಸುಟ್ಟ ಗುರುತು ಇಲ್ಲವೆಂದು ಖಚಿತವಾದ ಮೇಲೆಯೇ ಇಡೀ ಗಿಡಕ್ಕೆ ಹಾಕುವುದನ್ನು ಎಲ್ಲ ದ್ರಾವಣಗಳಿಗೂ ಪಾಲಿಸಬೇಕು; ಎಳೆಯ ಚಿಗುರಿನ ಮೇಲೆ ವಿಶೇಷ ಎಚ್ಚರ ಅಗತ್ಯ.

ಎಲೆ ಸಮಸ್ಯೆಗಳನ್ನು ಗುರುತಿಸಲು ಹೊಸದಾಗಿ ಕಲಿಯುತ್ತಿರುವವರಿಗೆ, ಏಳೆಂಟು ಕುಂಡಗಳಿಗಿಂತ ಹೆಚ್ಚು ಗಿಡ ಇಟ್ಟುಕೊಂಡವರಿಗೆ ಈ ಕಿಟ್ ಕೊಳ್ಳಲು ಹೇಳುತ್ತೇನೆ, ಮೀಟರನ್ನು ಬದಿಗಿಟ್ಟು ಪರೀಕ್ಷಾ ಪಟ್ಟಿಗಳನ್ನೂ, ಮಣ್ಣು ಕ್ಷಾರವಾಗಿದ್ದರೆ ಇಡಿಡಿಎಚ್ಎ ಕಬ್ಬಿಣವನ್ನೂ ಬೇರೆಯಾಗಿ ತರಿಸಿಕೊಳ್ಳುವ ಷರತ್ತಿನೊಂದಿಗೆ. ಒಂದೆರಡು ಗಿಡ ಇರುವವರು ಹತ್ತು ಪಟ್ಟಿನ ಭೂತಗನ್ನಡಿ ಮತ್ತು ಪೊಟ್ಯಾಸಿಯಂ ಸಾಬೂನನ್ನು ಬಿಡಿಯಾಗಿ ಕೊಂಡರೆ ಸಾಕು. ಕೊಳ್ಳುವಾಗ ಬೇವಿನ ಎಣ್ಣೆಯ ಬಾಟಲಿಯ ಮೇಲೆ ತಯಾರಿಸಿದ ದಿನಾಂಕ ಇದೆಯೇ ಎಂದು ನೋಡಿಕೊಳ್ಳಿ. ಹಳೆಯ ಎಣ್ಣೆಯಲ್ಲಿ ಅಜಾಡಿರಾಕ್ಟಿನ್ ಕುಂದಿರುತ್ತದೆ, ನನಗೆ ಬಂದ ಪೆಟ್ಟಿಗೆಯಲ್ಲಿ ದಿನಾಂಕದ ಜಾಗ ಖಾಲಿಯಿತ್ತು. ಖಾಲಿಯಾದ ಸಾಬೂನನ್ನು ಮಾತ್ರ ಮತ್ತೆ ತರಿಸಿಕೊಳ್ಳುವ ವ್ಯವಸ್ಥೆಯೂ ಸದ್ಯಕ್ಕಿಲ್ಲ, ಪೂರ್ಣ ಪೆಟ್ಟಿಗೆಯನ್ನೇ ಕೊಳ್ಳಬೇಕು. ಇವೆರಡನ್ನೂ ತಯಾರಕರಿಗೆ ಬರೆದು ತಿಳಿಸಿದ್ದೇನೆ.